ಗಣಕವೃತ್ತಿಯ ಮೊದಲನೆಯ ಮೆಟ್ಟಿಲು

“ಇಂಜಿನಿಯರಿಂಗ್ ಮುಗಿಯಿತಲ್ಲ, ಕೆಲಸ ಎಲ್ಲಿ?” ಈ ಪ್ರಶ್ನೆ ಈಗ ನಮ್ಮ ಪಟ್ಟಣಗಳ ಎಷ್ಟೋ ಮನೆಗಳಲ್ಲಿ ದಿನಕ್ಕೊಮ್ಮೆಯಾದರೂ ಕೇಳಿಬರುತ್ತದೆ. ಕೇಳುವವರು ಕೆಲವೊಮ್ಮೆ ತಂದೆತಾಯಿಗಳು, ಕೆಲವೊಮ್ಮೆ ಮದುವೆ ಮುಂಜಿಗಳಲ್ಲಿ ಸಿಕ್ಕುವ ನೆಂಟರು. ಹುಡುಗಿಯಾದರೆ ಈ ಪ್ರಶ್ನೆಯ ಬೆನ್ನಿಗೇ ಮದುವೆಯ ಮಾತು ಬಂದು ನಿಲ್ಲುತ್ತದೆ. ಮನೆಯ ಉಳಿತಾಯವನ್ನೆಲ್ಲ ಕಾಲೇಜಿಗೆ ಸುರಿದವರಿಗೆ, ಬ್ಯಾಂಕಿನ ಸಾಲದ ಕಂತು ಹತ್ತಿರ ಬರುತ್ತಿರುವವರಿಗೆ ಇದು ಬರಿಯ ಕುತೂಹಲದ ಪ್ರಶ್ನೆಯಲ್ಲ. ಹುಡುಗ ಓದಲಿಲ್ಲವೇ, ಕಾಲೇಜು ಸರಿಯಿಲ್ಲವೇ, ಗ್ರಹಗತಿ ಸರಿಯಿಲ್ಲವೇ ಎಂದು ಕಾರಣಗಳನ್ನು ಹುಡುಕುವುದು ಸಹಜ. ಆದರೆ ಬಹುಪಾಲು ಕಾರಣ ಹುಡುಗನ ಬಳಿ ಇಲ್ಲ, ಕೆಲಸ ಕೊಡುವವರ ಲೆಕ್ಕದ ಪುಸ್ತಕದಲ್ಲಿದೆ. ಆ ಲೆಕ್ಕವನ್ನು ಸ್ವಲ್ಪ ಬಿಡಿಸಿ ನೋಡಿದರೆ, ಬಾಗಿಲು ಎಲ್ಲಿ ಮುಚ್ಚಿದೆ, ಎಲ್ಲಿ ಸಂದು ಉಳಿದಿದೆ ಎಂಬುದು ತಕ್ಕಮಟ್ಟಿಗೆ ತಿಳಿಯುತ್ತದೆ.

ಮೊದಲು ಒಂದೆರಡು ಅಂಕಿಗಳು. 2021-22ರ ವರ್ಷದಲ್ಲಿ ಟಿ.ಸಿ.ಎಸ್. ಸಂಸ್ಥೆ ಸುಮಾರು ಒಂದು ಲಕ್ಷ ಹೊಸಬರನ್ನೂ ಇನ್ಫೋಸಿಸ್ ಸುಮಾರು 85,000 ಹೊಸಬರನ್ನೂ ಕೆಲಸಕ್ಕೆ ತೆಗೆದುಕೊಂಡವು. ಕಾಲೇಜಿನ ಅಂಗಳಕ್ಕೇ ಬಂದು, ಪದವಿ ಕೈಗೆ ಬರುವ ಮೊದಲೇ ನೇಮಕದ ಪತ್ರ ಕೊಟ್ಟುಹೋದ ಕಾಲವದು. ಎರಡೇ ವರ್ಷಗಳ ಮೇಲೆ, 2023-24ರಲ್ಲಿ, ಇನ್ಫೋಸಿಸ್ ಸೇರಿಸಿಕೊಂಡ ಹೊಸಬರು 11,900 ಮಂದಿ. ಆ ವರ್ಷ ಟಿ.ಸಿ.ಎಸ್.ನ ಒಟ್ಟು ನೌಕರರ ಸಂಖ್ಯೆ 13,249ರಷ್ಟು ಇಳಿಯಿತು. ವಿಪ್ರೋದಲ್ಲಿ 24,516, ಇನ್ಫೋಸಿಸ್‌ನಲ್ಲಿ 25,994. ಎರಡು ವರ್ಷಗಳಲ್ಲಿ ನಮ್ಮ ಕಾಲೇಜುಗಳ ಪಾಠ ಅಷ್ಟೊಂದು ಕೆಟ್ಟುಹೋಗಲಿಲ್ಲ, ಮಕ್ಕಳ ಬುದ್ಧಿಯೂ ಮೊಂಡಾಗಲಿಲ್ಲ. 2021ರಲ್ಲಿ ಕರೆದು ಮಣೆ ಹಾಕಿದಂಥ ಹುಡುಗನನ್ನೇ, ಅದೇ ಅಂಕಗಳಿಗೆ, 2024ರಲ್ಲಿ ಯಾರೂ ತಿರುಗಿ ನೋಡಲಿಲ್ಲ ಎಂಬುದೇ ಇದರ ಅರ್ಥ.

ಹೀಗೇಕಾಯಿತೆಂದರೆ, ಈ ಕಂಪನಿಗಳ ವ್ಯಾಪಾರದ ರೀತಿಯನ್ನು ನೋಡಬೇಕು. ಅಮೆರಿಕದ ಒಂದು ಬ್ಯಾಂಕಿಗೋ ಯೂರೋಪಿನ ಒಂದು ವಿಮಾ ಸಂಸ್ಥೆಗೋ ಗಣಕಯಂತ್ರದ ಕೆಲಸ ಆಗಬೇಕಾಗಿರುತ್ತದೆ. ನಮ್ಮ ಕಂಪನಿ ಇಂತಿಷ್ಟು ಜನರನ್ನು ಆ ಕೆಲಸಕ್ಕೆ ಕೂರಿಸಿ, ಬಹುಮಟ್ಟಿಗೆ ತಲೆಯೊಂದಕ್ಕೆ ಗಂಟೆಗಿಷ್ಟು ಎಂದು ಬಿಲ್ಲು ಮಾಡುತ್ತದೆ. ಕೆಲಸ ಗೊತ್ತಾಗದೆ ಕಾದಿರುವವರು ‘ಬೆಂಚಿನ ಮೇಲೆ’ ಇದ್ದಾರೆ ಎನ್ನುವುದು ಅಲ್ಲಿಯ ಪರಿಭಾಷೆ. ಬೆಂಚಿನವರಿಗೂ ಸಂಬಳ ಕೊಡಬೇಕು, ಅವರಿಂದ ಬರುವ ಆದಾಯ ಸೊನ್ನೆ. ಕಾಲೇಜಿನಿಂದ ಈಗತಾನೆ ಬಂದ ಹೊಸಬರು ಮೊದಲ ಮೂರು ನಾಲ್ಕು ತಿಂಗಳು ತರಬೇತಿಯಲ್ಲಿರುವುದರಿಂದ, ಅವರೆಲ್ಲರೂ ಒಂದರ್ಥದಲ್ಲಿ ಬೆಂಚಿನ ಮೇಲೆಯೇ ಇದ್ದಾರೆ. ವ್ಯಾಪಾರ ಬೆಳೆಯುತ್ತಿರುವಾಗ ಬೆಂಚು ತುಂಬಿದ್ದರೆ ಅನುಕೂಲ. ಹೊಸ ಕೆಲಸ ಬಂದ ದಿನವೇ ಜನ ಸಿಕ್ಕುತ್ತಾರೆ. ವ್ಯಾಪಾರ ನಿಂತಾಗ ಮೊದಲು ಕತ್ತರಿ ಬೀಳುವುದು ಈ ಬೆಂಚಿಗೇ.

ಇದಕ್ಕೂ ಮುಖ್ಯವಾದ ಮತ್ತೊಂದು ಲೆಕ್ಕವಿದೆ. ನಮ್ಮ ಮದುವೆ ಮನೆಯ ಊಟವನ್ನು ನೆನೆದುಕೊಂಡರೆ ಅದು ಸುಲಭವಾಗಿ ತಿಳಿಯುತ್ತದೆ. ಮೊದಲ ಪಂಕ್ತಿ ಏಳದೆ ಎರಡನೆಯ ಪಂಕ್ತಿಗೆ ಎಲೆ ಹಾಕುವಂತಿಲ್ಲ. 2022ರಲ್ಲಿ ಈ ಉದ್ಯಮದವರು ಹೆಚ್ಚು ಸಂಬಳ ಕಂಡಕಡೆ ಜಿಗಿಯುತ್ತಿದ್ದರು. ಆ ವರ್ಷದ ಜೂನ್‌ಗೆ ಮುಗಿದ ಹನ್ನೆರಡು ತಿಂಗಳಲ್ಲಿ ಇನ್ಫೋಸಿಸ್‌ನಲ್ಲಿ ಕೆಲಸ ಬಿಟ್ಟುಹೋದವರ ಪ್ರಮಾಣ ನೂರಕ್ಕೆ 28.4. ಎದ್ದುಹೋದವರ ಜಾಗದಲ್ಲಿ ಕೂರಿಸಲು ಹೊಸಬರು ಬೇಕೇ ಬೇಕಾಗಿತ್ತು. 2024ರ ಮಾರ್ಚ್ ವೇಳೆಗೆ ಈ ಪ್ರಮಾಣ 12.6ಕ್ಕೆ ಇಳಿಯಿತು. ಹೊರಗೆ ಗಾಳಿ ತಣ್ಣಗಿದೆಯೆಂದು ಎಲ್ಲರೂ ಇದ್ದಲ್ಲಿಯೇ ಭದ್ರವಾಗಿ ಕುಳಿತರು. ಪಂಕ್ತಿ ಏಳಲಿಲ್ಲ, ಚಪ್ಪರದ ಹೊರಗೆ ಕಾದವರ ಸಾಲು ಬೆಳೆಯಿತು. ಸಂಬಳದ ಮೇಲೂ ಇದರ ಗುರುತು ಕಾಣುತ್ತದೆ: ದೊಡ್ಡ ಸೇವಾ ಕಂಪನಿಗಳಲ್ಲಿ ಹೊಸಬನ ಸಾಮಾನ್ಯ ಸಂಬಳ ಹತ್ತು ವರ್ಷಗಳಿಗೂ ಮೇಲ್ಪಟ್ಟು ವರ್ಷಕ್ಕೆ ಮೂರು, ಮೂರೂವರೆ ಲಕ್ಷ ರೂಪಾಯಿಗಳ ಸುತ್ತಲೇ ಸುಳಿದಾಡಿತು. ಆ ಅವಧಿಯಲ್ಲಿ ಬೆಂಗಳೂರಿನ ಮನೆ ಬಾಡಿಗೆ ಎಲ್ಲಿಗೆ ಹೋಯಿತೆಂಬುದನ್ನು ಬಾಡಿಗೆ ಕೊಡುವವರೇ ಹೇಳಬೇಕು.

ಇಂಥ ಬರಗಾಲ ಹಿಂದೆಯೂ ಬಂದಿದೆ. 2000ನೆಯ ಇಸವಿ ಮಾರ್ಚ್ 10ರಂದು ಅಮೆರಿಕದ ನಾಸ್ಡಾಕ್ ಷೇರು ಸೂಚಿ 5,048ರ ಶಿಖರದಲ್ಲಿತ್ತು. 2002ರ ಅಕ್ಟೋಬರಿನಲ್ಲಿ ಅದು 1,114ಕ್ಕೆ ಬಿತ್ತು. ಆ ನಡುವೆ ಪದವಿ ಪಡೆದವರು ಕಷ್ಟವನ್ನು ಕಂಡರು. 2008ರ ಸೆಪ್ಟೆಂಬರಿನಲ್ಲಿ ಲೀಮನ್ ಬ್ರದರ್ಸ್ ಬ್ಯಾಂಕು ಮುಳುಗಿದ ಮೇಲೆ, ನೇಮಕದ ಪತ್ರ ಹಿಡಿದವರೂ ಸೇರುವ ದಿನಾಂಕಕ್ಕಾಗಿ ತಿಂಗಳುಗಟ್ಟಲೆ ಕಾಯಬೇಕಾಯಿತು. ಎರಡು ಸಲವೂ ಕೆಲವು ವರ್ಷಗಳಲ್ಲಿ ಮಳೆ ಬಂತು, ಕೆರೆ ತುಂಬಿತು. ಆದುದರಿಂದ ಈ ಸಲವೂ ಕಾದರೆ ಸಾಕು ಎಂದು ಹೇಳುವವರಿದ್ದಾರೆ. ಆ ಮಾತನ್ನು ಅರ್ಧ ಮಾತ್ರ ಒಪ್ಪಬಹುದು.

ಉಳಿದ ಅರ್ಧಕ್ಕೆ ಕಾರಣ ಕೃತಕ ಬುದ್ಧಿಮತ್ತೆ. 2022ರ ನವೆಂಬರ್ 30ರಂದು ಚಾಟ್‌ಜಿಪಿಟಿ ಸಾರ್ವಜನಿಕರ ಕೈಗೆ ಬಂದ ಮೇಲೆ, ಮಾತಿನಲ್ಲಿ ಕೇಳಿದರೆ ಪ್ರೋಗ್ರಾಂ ಬರೆದುಕೊಡುವ ಯಂತ್ರಗಳು ದಿನಬಳಕೆಯ ವಸ್ತುಗಳಾದವು. ಈ ಯಂತ್ರಗಳು ಹಿರಿಯ ಇಂಜಿನಿಯರನ ಕುರ್ಚಿಯನ್ನು ಕಸಿದುಕೊಂಡಿವೆಯೆಂದು ಹೇಳುವುದು ಅತಿಶಯೋಕ್ತಿಯಾದೀತು. ಆದರೆ ಹೊಸಬನಿಗೆ ಕೈ ಪಳಗಲೆಂದು ಕೊಡುತ್ತಿದ್ದ ಸಣ್ಣಪುಟ್ಟ ಕೆಲಸಗಳನ್ನು, ಎಂದರೆ ಚಿಕ್ಕ ತಪ್ಪುಗಳನ್ನು ತಿದ್ದುವುದು, ಪರೀಕ್ಷೆಯ ಮಾದರಿಗಳನ್ನು ಬರೆಯುವುದು, ವಿವರಣೆಯ ಪುಟಗಳನ್ನು ತಯಾರಿಸುವುದು ಇವನ್ನು, ಅವು ತಕ್ಕಮಟ್ಟಿಗೆ ಮಾಡಿಬಿಡುತ್ತವೆ. ಬಡಗಿಯ ಮನೆಯಲ್ಲಿ ಶಿಷ್ಯನಿಗೆ ಮೊದಲು ಉಜ್ಜುವ ಕೆಲಸ ಕೊಡುತ್ತಾರೆ. ಉಜ್ಜುವ ಯಂತ್ರ ಬಂದರೆ ಶಿಷ್ಯನನ್ನು ಸೇರಿಸಿಕೊಳ್ಳುವ ಗರಜೇ ಕಡಿಮೆಯಾಗುತ್ತದೆ. ಮುಂದೆ ಹಿರಿಯ ಬಡಗಿಗಳು ಎಲ್ಲಿಂದ ಬರಬೇಕೆಂಬುದನ್ನು ಈ ಉದ್ಯಮದವರು ಇನ್ನೂ ಸರಿಯಾಗಿ ಯೋಚಿಸಿದಂತೆ ಕಾಣುವುದಿಲ್ಲ.

ಇಷ್ಟರಿಂದ ಹೊರಡುವ ಸಂಗತಿ ಒಂದೇ. ಹಿಂದೆ ಕಂಪನಿಯು ಹುಡುಗನನ್ನು ಹಸಿ ಮಣ್ಣಿನಂತೆ ತೆಗೆದುಕೊಂಡು, ತನ್ನ ಖರ್ಚಿನಲ್ಲಿ ತಿದ್ದಿ ಸುಟ್ಟು ಗಡಿಗೆ ಮಾಡುತ್ತಿತ್ತು. ಈಗ ಅಷ್ಟೋ ಇಷ್ಟೋ ಸುಟ್ಟ ಗಡಿಗೆಯನ್ನೇ ಕೇಳುತ್ತಿದೆ. ಪದವಿಯ ಪ್ರಮಾಣಪತ್ರ ಮಣ್ಣು ಒಳ್ಳೆಯದೆಂದು ಮಾತ್ರ ಹೇಳುತ್ತದೆ. ಮಾಡಿ ಮುಗಿಸಿದ ಕೆಲಸ ಎಲ್ಲಿ ಎಂಬುದಕ್ಕೆ ಉತ್ತರ ಬೇಕು.

ಮುಗಿಸಿದ ಕೆಲಸವೆಂದರೆ ಏನು? ಅಂತಿಮ ವರ್ಷದ ಪ್ರಾಜೆಕ್ಟ್ ಇದೆಯಲ್ಲ ಎಂದು ವಿದ್ಯಾರ್ಥಿಗಳು ಹೇಳುತ್ತಾರೆ. ಆದರೆ ಪ್ರಾಜೆಕ್ಟುಗಳನ್ನು ಸಿದ್ಧ ಉಡುಪಿನಂತೆ ಮಾರುವ ಅಂಗಡಿಗಳಿರುವುದು ಸಂದರ್ಶನ ಮಾಡುವವರಿಗೂ ಗೊತ್ತು. ಅವರು ಎರಡೇ ಪ್ರಶ್ನೆಗಳಲ್ಲಿ ಬಣ್ಣ ತಿಳಿದುಕೊಳ್ಳುತ್ತಾರೆ. ಅದರ ಬದಲು, ಒಬ್ಬ ವಿದ್ಯಾರ್ಥಿನಿ ತನ್ನ ಊರಿನ ಗ್ರಂಥಾಲಯಕ್ಕೆ ಕನ್ನಡ ಪುಸ್ತಕಗಳ ಪಟ್ಟಿಯನ್ನು ಗಣಕಯಂತ್ರದಲ್ಲಿ ಮಾಡಿಕೊಡಲು ಹೊರಟಳು ಎಂದಿಟ್ಟುಕೊಳ್ಳೋಣ. ಹೊರನೋಟಕ್ಕೆ ಮಕ್ಕಳಾಟದಂತಿರುವ ಕೆಲಸ. ಮೊದಲ ದಿನವೇ ಅವಳಿಗೆ ತೊಡಕು ಎದುರಾಗುತ್ತದೆ. ಹಳೆಯ ಪಟ್ಟಿ ನುಡಿ ತಂತ್ರಾಂಶದ ಹಳೆಯ ಅಕ್ಷರ ಶೈಲಿಯಲ್ಲಿದೆ. ಅದು ಯೂನಿಕೋಡ್ ಅಲ್ಲವಾದ್ದರಿಂದ ಬೇರೆಡೆ ಹಾಕಿದರೆ ಅರ್ಥವಿಲ್ಲದ ಚಿಹ್ನೆಗಳಾಗುತ್ತದೆ. ಅದನ್ನು ಪರಿವರ್ತಿಸಿದ ಮೇಲೆ ‘ಸೂರ್ಯ’ ಎಂದು ಹುಡುಕಿದರೆ ಕೆಲವು ಪುಸ್ತಕಗಳು ಸಿಕ್ಕುತ್ತವೆ, ಕೆಲವು ಸಿಕ್ಕುವುದಿಲ್ಲ. ಏಕೆಂದರೆ ಆ ಪದವನ್ನು ಅರ್ಕಾವೊತ್ತು ಇಟ್ಟು ಬರೆಯುವುದುಂಟು, ರಕಾರದ ಕೆಳಗೆ ಯಕಾರದ ಒತ್ತು ಕೊಟ್ಟು ‘ಸೂರ‍್ಯ’ ಎಂದು ಬರೆಯುವುದೂ ಉಂಟು. ಓದುವ ನಮಗೆ ಎರಡೂ ಒಂದೇ. ಯಂತ್ರಕ್ಕೆ ಮಾತ್ರ, ನಡುವೆ ಅಡಗಿರುವ ಕಣ್ಣಿಗೆ ಕಾಣದ ಒಂದು ಸಂಕೇತದಿಂದಾಗಿ, ಅವು ಬೇರೆ ಬೇರೆ ಪದಗಳು.

ಇನ್ನೊಂದು ಸ್ವಾರಸ್ಯವನ್ನು ನೋಡಿ. ‘ಸ್ತ್ರೀ’ ಎಂಬುದು ನಮ್ಮ ಲೆಕ್ಕದಲ್ಲಿ ಒಂದೇ ಅಕ್ಷರ. ಯೂನಿಕೋಡಿನಲ್ಲಿ ಅದು ಆರು ಸಂಕೇತಗಳ ಸರಣಿ: ಸಕಾರ, ಹಲಂತದ ಚಿಹ್ನೆ, ತಕಾರ, ಮತ್ತೆ ಹಲಂತದ ಚಿಹ್ನೆ, ರಕಾರ, ಕೊನೆಗೆ ಈಕಾರದ ಗುಣಿತ. ಪುಸ್ತಕದ ಹೆಸರು ಉದ್ದವಾಯಿತೆಂದು ಇಂತಿಷ್ಟು ಸಂಕೇತಗಳಿಗೆ ಕತ್ತರಿಸುವಂತೆ ಪ್ರೋಗ್ರಾಂ ಬರೆದರೆ, ಒತ್ತಕ್ಷರದ ಕತ್ತೇ ಹಾರಿಹೋದೀತು. ಕೃತಕ ಬುದ್ಧಿಯ ಯಂತ್ರ ಬರೆದುಕೊಟ್ಟ ಪ್ರೋಗ್ರಾಂ ಇಂಗ್ಲಿಷ್ ಹೆಸರುಗಳಿಗೆ ಚೆನ್ನಾಗಿ ನಡೆದು ಇಲ್ಲಿ ಎಡವಬಹುದು. ಏಕೆ ಎಡವಿತೆಂದು ಕಂಡುಹಿಡಿದು, ತಿದ್ದಿ, ಮತ್ತೆ ಎಡವದಂತೆ ಪರೀಕ್ಷೆಗಳನ್ನು ಬರೆದಿಟ್ಟು, ಗ್ರಂಥಪಾಲಕರು ನಾಲ್ಕು ತಿಂಗಳು ದಿನವೂ ಬಳಸುವಂತೆ ಮಾಡಿದ ಆ ಹುಡುಗಿಗೆ ಸಂದರ್ಶನದಲ್ಲಿ ಮಾತಿಗೆ ಬರವಿಲ್ಲ. ಅವಳ ಬಳಿ ಮೂವತ್ತು ನಿಮಿಷದ ನಿಜವಾದ ಕಥೆಯಿದೆ. ಯಂತ್ರ ಬರೆದುದನ್ನು ಓದಿ ತಪ್ಪು ಹಿಡಿಯಬಲ್ಲವಳೆಂಬುದಕ್ಕೆ ಅದೇ ಸಾಕ್ಷಿ. ಈಗ ಕೆಲಸ ಕೊಡುವವರು ತೂಗಿ ನೋಡುತ್ತಿರುವ ಗುಣಗಳಲ್ಲಿ ಇದು ಮೊದಲ ಸಾಲಿನದು. ಗ್ರಂಥಾಲಯವೇ ಆಗಬೇಕೆಂದಿಲ್ಲ. ಹಾಲಿನ ಸೊಸೈಟಿಯ ಲೆಕ್ಕ, ದಿನಸಿ ಅಂಗಡಿಯ ಉದ್ರಿ ಪುಸ್ತಕ, ಶಾಲೆಯ ವ್ಯಾನು ಬರುವ ಹೊತ್ತು, ಯಾವುದಾದರೂ ಆದೀತು. ಬಳಸುವವರು ಇರಬೇಕು, ಅವರು ದೂರು ಹೇಳಬೇಕು, ಆ ದೂರನ್ನು ತಿದ್ದಿರಬೇಕು.

ಇಂಥ ಕೆಲಸವನ್ನು ಹತ್ತು ಜನ ನೋಡುವಂತೆ ಇಡುವುದಕ್ಕೆ ಗಿಟ್‌ಹಬ್‌ನಂಥ ತಾಣಗಳಿವೆ, ಖರ್ಚಿಲ್ಲ. ಲೋಕದ ಅನೇಕ ಮುಖ್ಯ ತಂತ್ರಾಂಶಗಳು ಎಲ್ಲರಿಗೂ ತೆರೆದಿಟ್ಟವು. 1991ರಲ್ಲಿ ಫಿನ್ಲೆಂಡಿನ ವಿದ್ಯಾರ್ಥಿಯಾಗಿದ್ದ ಲೀನಸ್ ಟೋರ್ವಾಲ್ಡ್ಸ್ ಆರಂಭಿಸಿದ ಲಿನಕ್ಸ್ ಇದಕ್ಕೆ ಪ್ರಸಿದ್ಧವಾದ ಉದಾಹರಣೆ. ಇವುಗಳಲ್ಲಿ ಒಂದು ಸಣ್ಣ ತಪ್ಪನ್ನು ತಿದ್ದಿ ಕಳುಹಿಸಿದರೂ, ಯಾರು, ಯಾವ ದಿನ, ಏನು ತಿದ್ದಿದರು ಎಂಬುದು ಶಾಶ್ವತವಾಗಿ ದಾಖಲಾಗಿ ಉಳಿಯುತ್ತದೆ. ಗೂಗಲ್ ಸಂಸ್ಥೆ 2005ರಿಂದ ನಡೆಸುತ್ತ ಬಂದಿರುವ ‘ಸಮ್ಮರ್ ಆಫ್ ಕೋಡ್’ ಯೋಜನೆಯಲ್ಲಿ ಇಂಥ ಕೆಲಸಕ್ಕೆ ಹಿರಿಯರ ಮಾರ್ಗದರ್ಶನವೂ ಸಂಭಾವನೆಯೂ ಉಂಟು. ಪಾಠ ಬೇಕೆನ್ನುವವರಿಗೆ ಐ.ಐ.ಟಿ.ಗಳೂ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯೂ ಸೇರಿ 2003ರಲ್ಲಿ ತೊಡಗಿದ ಎನ್.ಪಿ.ಟಿ.ಇ.ಎಲ್. ಉಪನ್ಯಾಸಗಳು ಉಚಿತವಾಗಿ ದೊರೆಯುತ್ತವೆ; ಪ್ರಮಾಣಪತ್ರದ ಪರೀಕ್ಷೆಗೆ ಮಾತ್ರ ಶುಲ್ಕ. ಇಷ್ಟಿರುವಾಗ ಲಕ್ಷ ರೂಪಾಯಿ ಕೊಟ್ಟು ಮತ್ತೊಂದು ಕೋರ್ಸು ಸೇರುವ ಮೊದಲು, ಮನೆಯವರು ಆ ಸಂಸ್ಥೆಯಿಂದ ಕಳೆದ ವರ್ಷ ಕೆಲಸಕ್ಕೆ ಹೋದವರಲ್ಲಿ ಇಬ್ಬರೊಡನೆಯಾದರೂ ನೇರವಾಗಿ ಮಾತನಾಡಿ ನೋಡುವುದು ಒಳ್ಳೆಯದು. ಬಿ.ಟಿ.ಎಂ. ಬಡಾವಣೆ, ಮಾರತ್ತಹಳ್ಳಿಗಳ ಫಲಕಗಳನ್ನು ನಂಬಿದರೆ ಬೆಂಗಳೂರಿನಲ್ಲಿ ನಿರುದ್ಯೋಗವೇ ಇಲ್ಲ.

ಇನ್ನು ಜರಡಿಯ ವಿಷಯ. ದೊಡ್ಡ ಕಂಪನಿಗಳು ಸಾಮಾನ್ಯವಾಗಿ ಹತ್ತನೆಯ ತರಗತಿ, ಪಿ.ಯು.ಸಿ., ಪದವಿ ಎಲ್ಲದರಲ್ಲೂ ನೂರಕ್ಕೆ ಅರವತ್ತನ್ನು ಕೇಳುತ್ತವೆ. ಬಾಕಿ ವಿಷಯ ಉಳಿದಿರಕೂಡದು. ಆಮೇಲೆ ಗಣಕಯಂತ್ರದ ಮೇಲೆಯೇ ಪರೀಕ್ಷೆ: ಅಂಕಗಣಿತ, ತರ್ಕ, ಇಂಗ್ಲಿಷ್, ಒಂದೆರಡು ಪ್ರೋಗ್ರಾಂ ಬರೆಯುವ ಸಮಸ್ಯೆಗಳು. ಅಂಕಗಣಿತವೆಂದರೆ ತೊಟ್ಟಿಗೆ ಎರಡು ನಲ್ಲಿ, ಎದುರುಬದುರು ಬರುವ ರೈಲು, ಹತ್ತು ಆಳು ಹದಿನೈದು ದಿನ ಎಂಬ ಹಳೆಯ ಮಿಡ್ಲ್‌ಸ್ಕೂಲಿನ ಲೆಕ್ಕಗಳೇ. ಅಜ್ಜನೋ ನಿವೃತ್ತ ಮೇಷ್ಟರೋ ಮನೆಯಲ್ಲಿದ್ದರೆ ದಿನಕ್ಕೆ ಅರ್ಧ ಗಂಟೆ ಅವರ ಮುಂದೆ ಕುಳಿತರೂ ಪ್ರಯೋಜನವಾಗುತ್ತದೆ. ಸಾವಿರ ಮಂದಿಯಲ್ಲಿ ಹೆಚ್ಚಿನವರು ಉದುರಿಹೋಗುವುದು ಇಲ್ಲಿಯೇ; ಆಳವಾದ ಜ್ಞಾನದ ಕೊರತೆಯಿಂದಲ್ಲ, ವೇಗದ ಅಭ್ಯಾಸ ಸಾಲದೆ.

ಕನ್ನಡ ಮಾಧ್ಯಮದಲ್ಲಿ ಓದಿ ಬಂದವರಿಗೆ ಸಂದರ್ಶನದ ಇಂಗ್ಲಿಷಿನ ಭಯ ದೊಡ್ಡದು. ಈ ಭಯವನ್ನು ಲಘುವಾಗಿ ಕಾಣಬಾರದು. ಆದರೆ ಅದಕ್ಕೆ ಮದ್ದು ವ್ಯಾಕರಣದ ಪುಸ್ತಕದಲ್ಲಿಲ್ಲ. ತಾನು ಮಾಡಿದ ಕೆಲಸವನ್ನು, ಏನು ಮಾಡಿದೆ, ಏನು ಕೆಟ್ಟಿತು, ಹೇಗೆ ಸರಿಪಡಿಸಿದೆ ಎಂಬ ಕ್ರಮದಲ್ಲಿ ಐದು ನಿಮಿಷ ಗಟ್ಟಿಯಾಗಿ ಇಂಗ್ಲಿಷಿನಲ್ಲಿ ಹೇಳುವುದನ್ನು ಒಂದು ತಿಂಗಳು ದಿನವೂ ರೂಢಿಸಿದರೆ, ಬಾಯಿ ತಾನೇ ತಿರುಗುತ್ತದೆ. ಕೇಳುವವರು ತಮ್ಮನಾದರೂ ಸರಿ, ಗೋಡೆಯಾದರೂ ಸರಿ.

ಅರ್ಜಿಗಳ ವಿಷಯದಲ್ಲಿ ನಮ್ಮ ಹುಡುಗರದು ಬೀಜ ಎರಚುವ ರೀತಿ. ದಿನಕ್ಕೆ ಐವತ್ತು ಕಡೆ ಗುಂಡಿ ಒತ್ತಿ, ಒಂದಕ್ಕೂ ಉತ್ತರ ಬರಲಿಲ್ಲವೆಂದು ಕುಗ್ಗುತ್ತಾರೆ. ಅರ್ಜಿಗಳ ರಾಶಿಯನ್ನು ಮೊದಲು ಸೋಸುವುದು ಬಹುಮಟ್ಟಿಗೆ ಯಂತ್ರವೇ. ಇದರ ಬದಲು ಕಂಪನಿಯ ಒಳಗಿರುವವರೊಬ್ಬರು ಹೆಸರು ಸೂಚಿಸಿದರೆ ಆ ಅರ್ಜಿಯನ್ನು ಮನುಷ್ಯರು ಓದುವ ಸಂಭವ ಹೆಚ್ಚು. ಇದು ವಶೀಲಿಯಲ್ಲವೇ ಎಂದು ಕೆಲವು ತಂದೆಯವರು ಸಂಕೋಚಪಡುತ್ತಾರೆ. ಅಲ್ಲ. ವಶೀಲಿಯಲ್ಲಿ ಅರ್ಹತೆಯನ್ನು ದಾಟಿ ಕೆಲಸ ಸಿಗುತ್ತದೆ. ಇಲ್ಲಿ ಸಿಗುವುದು ಪರೀಕ್ಷೆಗೆ ಕೂರುವ ಅವಕಾಶ ಮಾತ್ರ. ಹೀಗೆ ಸೂಚಿಸಿದ ನೌಕರನಿಗೆ ಬಹುಮಾನ ಕೊಡುವ ಪದ್ಧತಿಯನ್ನೇ ಅನೇಕ ಕಂಪನಿಗಳು ಇಟ್ಟಿವೆ. ತನ್ನದೇ ಕಾಲೇಜಿನಲ್ಲಿ ಮೂರು ನಾಲ್ಕು ವರ್ಷ ಮುಂದೆ ಓದಿದವರಿಗೆ ಬರೆಯುವುದು ಉತ್ತಮ. ಆರು ಸಾಲು ಸಾಕು: ತಾನು ಯಾರು, ಏನು ಮಾಡಿದ್ದೇನೆ, ಅದನ್ನು ಎಲ್ಲಿ ನೋಡಬಹುದು, ನಿಮ್ಮಲ್ಲಿ ಯಾವ ಹುದ್ದೆಗೆ ಕೇಳುತ್ತಿದ್ದೇನೆ. “ಅಣ್ಣಾ, ಏನಾದರೂ ಕೆಲಸ ಇದ್ದರೆ ನೋಡಿ” ಎಂಬ ಒಂದೇ ಸಾಲಿನ ಬೇಡಿಕೆಗೆ ಪಾಪ, ಅವರಾದರೂ ಏನು ಉತ್ತರ ಕೊಡಬಲ್ಲರು?

ಮುಂಬಾಗಿಲು ಕಿರಿದಾದಾಗ ಪಕ್ಕದ ಬಾಗಿಲುಗಳನ್ನು ನೋಡಬೇಕು. ವಿದೇಶಿ ಕಂಪನಿಗಳು ತಮ್ಮ ಕೆಲಸಕ್ಕೆ ತಾವೇ ಇಲ್ಲಿ ತೆರೆದಿರುವ ಕೇಂದ್ರಗಳು, ಜಿ.ಸಿ.ಸಿ. ಎಂದು ಕರೆಯುವಂಥವು, 2024ರ ಲೆಕ್ಕದಲ್ಲಿ ದೇಶದಲ್ಲಿ 1,700ಕ್ಕೂ ಹೆಚ್ಚು. ಅವುಗಳಲ್ಲಿ ಸುಮಾರು 19 ಲಕ್ಷ ಮಂದಿ ದುಡಿಯುತ್ತಿದ್ದರು. ಎಲ್ಲ ನಗರಗಳಿಗಿಂತ ಹೆಚ್ಚು ಕೇಂದ್ರಗಳಿರುವುದು ಬೆಂಗಳೂರಿನಲ್ಲಿ. ಇವರು ಅನುಭವಿಗಳನ್ನೇ ಹೆಚ್ಚು ಕೇಳುತ್ತಾರೆಂಬುದು ನಿಜವಾದರೂ, ಓದುತ್ತಿರುವಾಗಲೇ ಆರು ತಿಂಗಳು ಇಂಟರ್ನ್ ಆಗಿ ದುಡಿದವರನ್ನು ಉಳಿಸಿಕೊಳ್ಳುವುದುಂಟು. ಬೆಂಗಳೂರಿನ ಭಾರತ್ ಎಲೆಕ್ಟ್ರಾನಿಕ್ಸ್ ಕಾರ್ಖಾನೆ ನಿಗದಿತ ಅವಧಿಗೆ ಟ್ರೇನಿ ಇಂಜಿನಿಯರುಗಳನ್ನು ತೆಗೆದುಕೊಳ್ಳುತ್ತದೆ. ಸಾರ್ವಜನಿಕ ಬ್ಯಾಂಕುಗಳಿಗೆ ಐ.ಬಿ.ಪಿ.ಎಸ್. ನಡೆಸುವ ತಜ್ಞ ಅಧಿಕಾರಿಗಳ ಪರೀಕ್ಷೆಯಲ್ಲಿ ಐ.ಟಿ. ಅಧಿಕಾರಿಯ ಹುದ್ದೆಗಳೂ ಸೇರಿರುತ್ತವೆ. ಮೈಸೂರು, ಮಂಗಳೂರು, ಹುಬ್ಬಳ್ಳಿಗಳಲ್ಲಿ ಹದಿನೈದು ಇಪ್ಪತ್ತು ಜನರ ಸಣ್ಣ ಕಂಪನಿಗಳಿವೆ. ಸಂಬಳ ಕಡಿಮೆಯಾದರೂ ಅಲ್ಲಿ ಹೊಸಬ ಒಂದು ವರ್ಷದಲ್ಲಿ ಎಲ್ಲ ಮೂಲೆಯ ಕೆಲಸವನ್ನೂ ಮಾಡಬೇಕಾಗುತ್ತದೆ. ತಂತ್ರಾಂಶ ಪರೀಕ್ಷಿಸುವ ಹುದ್ದೆ, ಕೆಟ್ಟುನಿಂತ ವ್ಯವಸ್ಥೆಯನ್ನು ರಾತ್ರಿ ಪಾಳಿಯಲ್ಲಿ ಸರಿಪಡಿಸುವ ಸಪೋರ್ಟ್ ಹುದ್ದೆ, ಇವನ್ನು ಕೀಳೆಂದು ತಳ್ಳುವವರಿದ್ದಾರೆ. ಮತ್ತೊಂದು ಕೋರ್ಸಿಗಿಂತ ಇಂಥ ಒಂದು ವರ್ಷ ಮೇಲು ಎಂಬುದು ನನ್ನ ಅಭಿಪ್ರಾಯ. ಯಂತ್ರ ಹೇಗೆ ಕೆಡುತ್ತದೆಂದು ಬಲ್ಲವನು ಕಟ್ಟುವ ಯಂತ್ರ ಬೇಗ ಕೆಡುವುದಿಲ್ಲ.

ಸರ್ಕಾರದ ಕಡೆಯಿಂದ ಬರುವ ಸಹಾಯವೂ ಇದೆ. 1961ರ ಅಪ್ರೆಂಟಿಸ್ ಕಾಯಿದೆಗೆ 1973ರಲ್ಲಿ ಮಾಡಿದ ತಿದ್ದುಪಡಿಯಿಂದ ಪದವೀಧರರಿಗೂ ಡಿಪ್ಲೊಮಾದವರಿಗೂ ಒಂದು ವರ್ಷದ ತರಬೇತಿ ದೊರೆಯುತ್ತ ಬಂದಿದೆ; ಭತ್ಯದ ಒಂದು ಪಾಲನ್ನು ಕೇಂದ್ರ ಸರ್ಕಾರ ಭರಿಸುತ್ತದೆ. ಇದಕ್ಕೆ ಹೆಸರು ನೋಂದಾಯಿಸುವುದು ಜಾಲದಲ್ಲಿಯೇ ಆಗುತ್ತದೆ. ಕರ್ನಾಟಕ ಸರ್ಕಾರ 2024ರ ಜನವರಿಯಲ್ಲಿ ಹಣ ಹಂಚಲು ತೊಡಗಿದ ಯುವನಿಧಿ ಯೋಜನೆಯಲ್ಲಿ, ಪಾಸಾಗಿ ಆರು ತಿಂಗಳಾದರೂ ಕೆಲಸ ಸಿಗದ ಪದವೀಧರರಿಗೆ ತಿಂಗಳಿಗೆ 3,000 ರೂಪಾಯಿ, ಡಿಪ್ಲೊಮಾದವರಿಗೆ 1,500 ರೂಪಾಯಿ, ಹೆಚ್ಚೆಂದರೆ ಎರಡು ವರ್ಷದವರೆಗೆ ಎಂದು ಗೊತ್ತುಮಾಡಲಾಯಿತು. ದೊಡ್ಡ ಮೊತ್ತವಲ್ಲ, ಸಂದರ್ಶನಗಳಿಗೆ ಓಡಾಡುವ ಬಸ್ಸಿನ ಖರ್ಚಿಗಾದೀತು.

ಎಚ್ಚರಿಕೆಯ ಮಾತೊಂದನ್ನು ಸ್ವಲ್ಪ ಬಿಡಿಸಿ ಹೇಳಬೇಕಾಗಿದೆ, ಏಕೆಂದರೆ ಬರಗಾಲದಲ್ಲಿ ಮೊದಲು ಕೊಬ್ಬುವವರು ದಳ್ಳಾಳಿಗಳು. ಹಣ ಕೊಟ್ಟರೆ ಒಳಗಿನಿಂದ ಕೆಲಸ ಕೊಡಿಸುತ್ತೇವೆ ಎನ್ನುವವರು ಒಂದು ಜಾತಿ. ಮರ್ಯಾದಸ್ಥ ಕಂಪನಿ ಯಾವುದೂ ನೇಮಕಕ್ಕೆ ಉಮೇದುವಾರನಿಂದ ಠೇವಣಿ ಕೇಳುವುದಿಲ್ಲ. ಕೇಳಿದರೆ ಅಲ್ಲಿಂದಲೇ ಹಿಂದಿರುಗಬಹುದು. ಎರಡನೆಯ ಜಾತಿ ಇನ್ನೂ ಅಪಾಯಕಾರಿ: ಇಲ್ಲದ ಕಂಪನಿಯ ಹೆಸರಿನಲ್ಲಿ ಎರಡು ಮೂರು ವರ್ಷದ ಅನುಭವದ ಸುಳ್ಳು ಪತ್ರ ಮಾಡಿಕೊಡುವವರು. ‘ಎಲ್ಲರೂ ಮಾಡುತ್ತಾರೆ’ ಎಂಬ ಸಮಾಧಾನದೊಡನೆ ಇದು ಮಾರಾಟವಾಗುತ್ತದೆ. ಆದರೆ 2014ರಿಂದ ಪ್ರಾವಿಡೆಂಟ್ ಫಂಡಿನ ಪ್ರತಿಯೊಬ್ಬ ಸದಸ್ಯನಿಗೂ ಯು.ಎ.ಎನ್. ಎಂಬ ಒಂದೇ ಸಂಖ್ಯೆ ಬಂದಿದೆ. ಯಾವ ತಿಂಗಳು ಯಾವ ಕಂಪನಿ ಹಣ ಕಟ್ಟಿತೆಂಬುದು ಅದರಲ್ಲಿ ತೆರೆದ ಪುಸ್ತಕ. ಹಿನ್ನೆಲೆ ತನಿಖೆಯವರು ಅದನ್ನೇ ನೋಡುತ್ತಾರೆ. ಸೇರಿ ಆರು ತಿಂಗಳಾದ ಮೇಲೆ ಸುಳ್ಳು ಹೊರಬಿದ್ದರೆ ಕೆಲಸವೂ ಹೋಯಿತು, ಮುಂದಿನ ಬಾಗಿಲೂ ಮುಚ್ಚಿತು. ಒಂದು ವರ್ಷ ಖಾಲಿ ಇದ್ದವನಿಗೆ ಮತ್ತೆ ಕೆಲಸ ಸಿಕ್ಕೀತು. ಸುಳ್ಳು ಪತ್ರದವನೆಂದು ಗುರುತಾದವನಿಗೆ ಕಷ್ಟ.

ಮೂಲ ಅಂಕಪಟ್ಟಿಗಳನ್ನು ಒತ್ತೆಯಾಗಿ ಇಟ್ಟುಕೊಳ್ಳುವ ಸಣ್ಣ ಕಂಪನಿಗಳೂ ಇವೆ. ತೋರಿಸಿ, ನಕಲು ಕೊಟ್ಟು, ಮೂಲವನ್ನು ಮನೆಗೆ ತರತಕ್ಕದ್ದು. ಇಷ್ಟು ವರ್ಷ ಬಿಡುವುದಿಲ್ಲ ಎಂಬ ಕರಾರಿಗೆ ಸಹಿ ಮಾಡುವ ಮುನ್ನ ಅದರ ಮೊತ್ತವನ್ನೂ ಅವಧಿಯನ್ನೂ ಮನೆಯ ಹಿರಿಯರೊಬ್ಬರು ಓದಿ ನೋಡಲಿ. ಇಂಥ ಕರಾರುಗಳಿಗೆ ಕೋರ್ಟಿನಲ್ಲಿ ಬೆಲೆಯಿಲ್ಲವೆಂಬ ನಂಬಿಕೆ ಬಳಕೆಯಲ್ಲಿದೆ. ವಿಜಯಾ ಬ್ಯಾಂಕಿನ ಮೊಕದ್ದಮೆಯೊಂದರಲ್ಲಿ, ಮೂರು ವರ್ಷಕ್ಕೆ ಮೊದಲು ಬಿಟ್ಟರೆ ಎರಡು ಲಕ್ಷ ರೂಪಾಯಿ ಕೊಡಬೇಕೆಂಬ ಷರತ್ತನ್ನು ಸುಪ್ರೀಂ ಕೋರ್ಟು 2025ರಲ್ಲಿ ಎತ್ತಿಹಿಡಿಯಿತು.

ಕೊನೆಗೆ ಮನೆಯವರ ಪಾಲು. ಹುಡುಗನೋ ಹುಡುಗಿಯೋ ಕಾಯುತ್ತಿರುವ ಈ ವರ್ಷಕ್ಕೆ ಒಂದು ಗಡುವನ್ನೂ ಒಂದು ದಿನಚರಿಯನ್ನೂ ಮೊದಲೇ ಕೂಡಿ ಗೊತ್ತುಮಾಡಿಕೊಂಡರೆ ಮನೆಯ ಗಾಳಿ ಹಗುರವಾಗುತ್ತದೆ: ಬೆಳಗ್ಗೆ ಅಭ್ಯಾಸ, ಮಧ್ಯಾಹ್ನ ತನ್ನ ಕೆಲಸ, ವಾರಕ್ಕೆ ಐದಾರು ಒಳ್ಳೆಯ ಅರ್ಜಿ. ಬೆಂಗಳೂರಿಗೆ ಹೋಗಿ ಪಿ.ಜಿ.ಯಲ್ಲಿ ಕಾಯುವುದಕ್ಕಿಂತ, ಸಂದರ್ಶನದ ಪತ್ರ ಬಂದಮೇಲೆ ರಾತ್ರಿ ಬಸ್ಸು ಹತ್ತುವುದು ಅಗ್ಗ. ಮೊದಲ ಸುತ್ತುಗಳು ಈಗ ಹೆಚ್ಚಾಗಿ ಮನೆಯಿಂದಲೇ ನಡೆಯುತ್ತವೆ. ಮಗಳಿಗೂ ಮಗನಿಗೂ ಒಂದೇ ಗಡುವು ಇರಲಿ. ಸಂದರ್ಶನದಲ್ಲಿ ಇವರಿಗೆಲ್ಲ ತಪ್ಪದೆ ಎದುರಾಗುವ ಪ್ರಶ್ನೆ, ಪಾಸಾದ ಮೇಲೆ ಇಷ್ಟು ದಿನ ಏನು ಮಾಡುತ್ತಿದ್ದಿರಿ ಎಂಬುದು. ತಲೆ ತಗ್ಗಿಸಿ “ಕೆಲಸ ಹುಡುಕುತ್ತಿದ್ದೆ” ಎಂದರೆ ಮಾತು ಅಲ್ಲಿಗೇ ನಿಲ್ಲುತ್ತದೆ. “ನಮ್ಮೂರಿನ ಗ್ರಂಥಾಲಯದ ಪಟ್ಟಿಯಲ್ಲಿ ಸೂರ್ಯ ಎಂಬ ಹೆಸರು ಸಿಗುತ್ತಿರಲಿಲ್ಲ, ಏಕೆಂದು ಹುಡುಕಿದೆ” ಎಂದು ಆರಂಭಿಸಿದರೆ ಎದುರಿಗಿರುವವರು ಕುರ್ಚಿಯನ್ನು ಹತ್ತಿರಕ್ಕೆ ಎಳೆದುಕೊಳ್ಳುತ್ತಾರೆ.